ಸರಳೆ ಸಿಳ್ಳಾರನ ಹಳ್ಳ

ಮಲೆನಾಡಿನ ಹಳ್ಳವೊಂದಕ್ಕೆ ಬೆಲೆ ಕಟ್ಟುವಾಗ ನಮ್ಮ ಯೋಜನಾಕಾರರ ಕಣ್ಣಿಗೆ ಬೀಳುವ ಸಂಗತಿಗಳು ಎರಡೇ. ಅದರಲ್ಲಿ ಎಷ್ಟು ನೀರು ಹರಿಯುತ್ತದೆ, ಆ ನೀರು ಎಷ್ಟು ಎತ್ತರದಿಂದ ಬೀಳುತ್ತದೆ. ಮೊದಲನೆಯದನ್ನು ಟಿಎಂಸಿಯಲ್ಲಿಯೂ ಎರಡನೆಯದನ್ನು ಮೆಗಾವಾಟ್‌ನಲ್ಲಿಯೂ ಬರೆದಿಟ್ಟರೆ ಹಳ್ಳದ ಚರಿತ್ರೆ ಮುಗಿಯಿತು. ಆ ನೀರು ಯಾವ ಬಂಡೆಯ ಮೇಲೆ ಹಾದು ಬರುತ್ತದೆ, ಬಂಡೆಯ ಸಂದಿಯಲ್ಲಿ ಏನಿದೆ, ನೀರು ಇಳಿದಾಗ ಹೊರಬೀಳುವ ಪಾಚಿಗಟ್ಟಿದ ಅಂಚಿನಲ್ಲಿ ಯಾರ ಸಂಸಾರವಿದೆ ಎಂಬ ಪ್ರಶ್ನೆಗಳಿಗೆ ಯೋಜನಾ ವರದಿಯ ಯಾವ ಪುಟದಲ್ಲಿಯೂ ಜಾಗವಿಲ್ಲ. ಈ ಲೇಖನ ಅಂಥ ಬಂಡೆಯನ್ನೇ ಮನೆ ಮಾಡಿಕೊಂಡಿರುವ ಒಂದು ಹಕ್ಕಿಯನ್ನು ಕುರಿತದ್ದು. ಅದು ಅಪರೂಪದ ಹಕ್ಕಿಯಲ್ಲ. ಅಪರೂಪವಲ್ಲದಿರುವುದರಿಂದಲೇ ಅದರ ಪರವಾಗಿ ಮಾತನಾಡುವವರು ಇಲ್ಲವೆಂಬುದು ನನ್ನ ತಕರಾರು.

ಕನ್ನಡದಲ್ಲಿ ಅದಕ್ಕೆ ಸರಳೆ ಸಿಳ್ಳಾರ ಎಂಬ ಸೊಗಸಾದ ಹೆಸರಿದೆ. ಸರಳೆ ಎಂದೊಡನೆ ಸಂಗೀತ ಕಲಿತವರಿಗೆ ನೆನಪಾಗುವುದು ಸರಳೆ ವರಸೆ. ಮಾಯಾಮಾಳವಗೌಳದಲ್ಲಿ ಸ್ವರಗಳನ್ನು ಏರಿಸಿ ಇಳಿಸಿ ಮತ್ತೆ ಏರಿಸಿ ಮಕ್ಕಳು ಮಾಡುವ ಮೊದಲ ಅಭ್ಯಾಸ. ಈ ಹಕ್ಕಿಯ ಹಾಡೂ ಹಾಗೆಯೇ ಏರಿಳಿಯುತ್ತದೆ, ನಡುವೆ ದಾರಿ ತಪ್ಪಿದಂತೆ ನಿಲ್ಲುತ್ತದೆ, ಎಲ್ಲಿಂದಲೋ ಎತ್ತಿಕೊಳ್ಳುತ್ತದೆ. ಇಂಗ್ಲಿಷರು ಇದನ್ನು ‘ಸಿಳ್ಳೆ ಹಾಕುವ ಶಾಲಾ ಹುಡುಗ’ ಎಂದು ಕರೆದರು. ಒಂದು ಭಾಷೆಗೆ ಸಂಗೀತದ ವಿದ್ಯಾರ್ಥಿಯೂ ಇನ್ನೊಂದಕ್ಕೆ ಶಾಲೆಗೆ ಹೊರಟ ಪೋರನೂ ಕಂಡದ್ದು ಕುತೂಹಲಕರ. ಪುಸ್ತಕಗಳಲ್ಲಿ ಇದರ ಪ್ರಚಲಿತ ಇಂಗ್ಲಿಷ್ ಹೆಸರು ಮಲಬಾರ್ ವಿಸ್ಲಿಂಗ್ ಥ್ರಶ್, ವೈಜ್ಞಾನಿಕ ನಾಮ ಮಯೋಫೋನಸ್ ಹಾರ್ಸ್‌ಫೀಲ್ಡಿ. ನಿಕೋಲಸ್ ವಿಗರ್ಸ್ ಎಂಬ ಪ್ರಾಣಿಶಾಸ್ತ್ರಜ್ಞ 1831ರಲ್ಲಿ ಇದನ್ನು ಹೊರಜಗತ್ತಿಗೆ ಪರಿಚಯಿಸುವಾಗ ಥಾಮಸ್ ಹಾರ್ಸ್‌ಫೀಲ್ಡ್ ಎಂಬ ಅಮೆರಿಕದ ನಿಸರ್ಗತಜ್ಞನ ಹೆಸರನ್ನು ಅಂಟಿಸಿದ. ಬಹುಕಾಲ ಸಿಳ್ಳಾರಗಳ ಕುಟುಂಬಕ್ಕೆ ಸೇರಿಸಲ್ಪಟ್ಟಿದ್ದ ಇದನ್ನು ಈಗಿನ ವರ್ಗೀಕರಣಕಾರರು ನೊಣಹಿಡುಕಗಳ ಕುಟುಂಬಕ್ಕೆ ವರ್ಗಾಯಿಸಿದ್ದಾರೆ. ಹಕ್ಕಿಗೆ ಇದರಿಂದ ಯಾವ ನಷ್ಟವೂ ಆಗಿಲ್ಲ.

ಮೈನಾ ಹಕ್ಕಿಗಿಂತ ತುಸು ದೊಡ್ಡದು, ಸುಮಾರು 25 ಸೆಂಟಿಮೀಟರ್ ಉದ್ದ. ದೂರದಿಂದ ನೋಡಿದವರಿಗೆ ಬರಿಯ ಕಪ್ಪು ಹಕ್ಕಿ. ಕೊಕ್ಕು ಕಪ್ಪು, ಕಾಲೂ ಕಪ್ಪು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಹಣೆಯ ಮೇಲೊಂದು, ಹೆಗಲ ಮೇಲೊಂದು ನೀಲಿ ಮಿಂಚು ಹೊಳೆದು ಮಾಯವಾಗುತ್ತದೆ. ಹಕ್ಕಿಗಳ ನೀಲಿ ಸಾಮಾನ್ಯವಾಗಿ ಬಣ್ಣದ ಪದಾರ್ಥದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಹುಟ್ಟಿದ್ದು. ಆದ್ದರಿಂದ ನೆರಳಿನ ಹಳ್ಳದಲ್ಲಿ ಈ ಹಕ್ಕಿ ಹಸಿಬಂಡೆಯ ಬಣ್ಣಕ್ಕೆ ಸೇರಿಹೋಗುತ್ತದೆ. ಗಂಡು ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸಲು ಬಾರದು. ಮರಿಗಳು ಕಂದು ಮಿಶ್ರಿತವಾಗಿದ್ದು, ಹಣೆಯ ನೀಲಿ ಇನ್ನೂ ಬಂದಿರುವುದಿಲ್ಲ.

ಗುಜರಾತಿನ ಡಾಂಗ್ಸ್ ಕಾಡುಗಳಿಂದ ಹಿಡಿದು ಕೇರಳದ ತುದಿಯವರೆಗೆ ಸಹ್ಯಾದ್ರಿಯುದ್ದಕ್ಕೂ ಇದರ ವಾಸ. ಸಾತ್ಪುಡಾ ಬೆಟ್ಟಗಳಲ್ಲಿಯೂ ಪೂರ್ವಘಟ್ಟದ ಕೆಲವೆಡೆಗಳಲ್ಲಿಯೂ ಇದೆ. ಇಷ್ಟು ಉದ್ದದ ಸೀಮೆಯಲ್ಲಿ ಅದು ಆರಿಸಿಕೊಳ್ಳುವ ಜಾಗ ಮಾತ್ರ ಬಹಳ ಇಕ್ಕಟ್ಟಾದದ್ದು: ನೆರಳು, ಬಂಡೆ, ಹರಿಯುವ ನೀರು. ಈ ಮೂರೂ ಕೂಡುವ ಕಿರಿದಾದ ಪಟ್ಟಿಯೇ ಅದರ ದೇಶ. ನಕ್ಷೆಯಲ್ಲಿ ಸಾವಿರಾರು ಚದರ ಕಿಲೋಮೀಟರ್ ಬಣ್ಣ ಬಳಿದು ತೋರಿಸಿದರೂ ನೆಲದ ಮೇಲೆ ಅದರ ನೆಲೆ ದಾರದ ಎಳೆಗಳಂತೆ ಹರಡಿದೆ, ಮತ್ತು ಪ್ರತಿಯೊಂದು ಎಳೆಯೂ ಒಂದು ಹಳ್ಳ.

ಅದರ ದಿನಚರಿಯನ್ನು ಹಳ್ಳದ ದಂಡೆಯಲ್ಲಿ ಬದುಕುವವರು ಬಲ್ಲರು. ಇನ್ನೂ ಕತ್ತಲಿರುವಾಗಲೇ, ಉಳಿದ ಹಕ್ಕಿಗಳು ಎಚ್ಚರಗೊಳ್ಳುವ ಮೊದಲೇ ಅದರ ಸಿಳ್ಳು ಕೇಳಿಸುತ್ತದೆ. ನಂತರ ಬಂಡೆಯಿಂದ ಬಂಡೆಗೆ ಕುಪ್ಪಳಿಸುತ್ತ ನೀರಿನ ಅಂಚಿನಲ್ಲಿ ಆಹಾರ ಹುಡುಕುತ್ತದೆ. ಹುಳು, ಎರೆಹುಳು, ಬಸವನಹುಳು, ಕಪ್ಪೆಮರಿ, ಕಿರುಏಡಿ ಎಲ್ಲವೂ ಆದೀತು, ಹಣ್ಣುಗಳೂ ಬೇಕು. ಏಡಿ ಸಿಕ್ಕಿದರೆ ಅದನ್ನು ಕಚ್ಚಿಕೊಂಡು ಗಟ್ಟಿಯಾದ ಕಲ್ಲಿಗೆ ಬಡಿದು ಬಡಿದು ಚಿಪ್ಪು ಒಡೆದು ತಿನ್ನುತ್ತದೆ. ಸಂಜೆ ಸ್ನಾನ ಇಷ್ಟ. ಬೆದರಿದಾಗ ‘ಕ್ರೀ’ ಎಂದು ತೀಕ್ಷ್ಣವಾಗಿ ಕೂಗಿ ಹಳ್ಳದ ತಿರುವಿನಲ್ಲಿ ಮರೆಯಾಗುತ್ತದೆ. ಚಳಿಗಾಲದಲ್ಲಿ ಹಾಡು ಬಹುತೇಕ ನಿಂತು ಈ ಕೂಗು ಮಾತ್ರ ಉಳಿಯುವುದರಿಂದ, ಹಕ್ಕಿ ಊರು ಬಿಟ್ಟಿತೆಂದು ಭಾವಿಸುವವರಿದ್ದಾರೆ. ಸುತ್ತಮುತ್ತ ಚದುರಿದರೂ ಅದು ವಲಸೆ ಹಕ್ಕಿಯಲ್ಲ. ಹಿಮಾಲಯದಿಂದ ಬಂದು ಚಳಿಗಾಲವನ್ನು ನಮ್ಮ ಒಣ ಬಂಡೆಗಳ ಮೇಲೆಯೂ ಹಳೆಯ ಕಟ್ಟಡಗಳ ಮೇಲೆಯೂ ಒಂಟಿಯಾಗಿ ಕಳೆದು ಹೋಗುವ ನೀಲಿ ಬಂಡೆಸಿಳ್ಳಾರ ಬೇರೆ. ಎರಡನ್ನೂ ಒಂದೆಂದು ಬಗೆಯುವುದು ನಮ್ಮ ಚಾರಣಿಗರಲ್ಲಿ ಸಾಮಾನ್ಯ.

ಹಾಡಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಧುಮ್ಮಿಕ್ಕುವ ನೀರಿನ ಪಕ್ಕದಲ್ಲಿ ನಿಂತು ಇನ್ನೊಬ್ಬರನ್ನು ಕರೆದು ನೋಡಿದವರಿಗೆ ಮನುಷ್ಯನ ಮಾತು ಅಲ್ಲಿ ಎಷ್ಟು ದೂರ ಹೋಗುತ್ತದೆಂಬುದು ಗೊತ್ತು. ನೀರಿನ ಮೊರೆತದ ಶಕ್ತಿ ಬಹುಪಾಲು ಕೆಳಸ್ಥಾಯಿಯಲ್ಲಿರುತ್ತದೆ. ಸಿಳ್ಳು ಹಾಗಲ್ಲ, ತನ್ನೆಲ್ಲ ಶಕ್ತಿಯನ್ನು ಒಂದು ಕಿರಿದಾದ ಸ್ವರದಲ್ಲಿ ಕೂಡಿಟ್ಟು ಆ ಗದ್ದಲವನ್ನು ಸೀಳಿಕೊಂಡು ಬರುತ್ತದೆ. ಹಿಮಾಲಯದ ತೊರೆಗಳ ಪಕ್ಕದಲ್ಲಿ ಬದುಕುವ ಹಕ್ಕಿಗಳ ದನಿಯೂ ಹೀಗೆ ನೀರಿನ ಸದ್ದಿಗೆ ತಕ್ಕಂತೆ ರೂಪುಗೊಂಡಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮಳೆಗಾಲದ ಬೆಳಗಿನಲ್ಲಿ ಮನೆಯ ಜಗಲಿಯವರೆಗೂ ಕೇಳಿಬರುವ ಆ ಸಿಳ್ಳಿಗೆ ಹಳ್ಳವೇ ಶ್ರುತಿ. ಈ ಹಾಡಿಗಾಗಿ ಹಿಂದೆ ಇದನ್ನು ಪಂಜರದಲ್ಲಿಟ್ಟು ಸಾಕುತ್ತಿದ್ದರು, ಮನುಷ್ಯರ ಧಾಟಿಗಳನ್ನು ಇದು ಪೂರ್ತಿಯಾಗಿ ಕಲಿತು ಒಪ್ಪಿಸುತ್ತಿತ್ತು. ಕಾನೂನು ಆ ಪಂಜರದ ಬಾಗಿಲನ್ನು ಮುಚ್ಚಿಸಿದೆ. ಹಕ್ಕಿಯನ್ನು ಪಂಜರಕ್ಕೆ ಹಾಕುವುದು ಅಪರಾಧವೆಂದು ಒಪ್ಪಿಕೊಂಡ ಸಮಾಜ, ಹಕ್ಕಿಯ ಹಳ್ಳವನ್ನೇ ಕೊಳವೆಗೆ ಹಾಕುವುದನ್ನು ಅಭಿವೃದ್ಧಿ ಎನ್ನುತ್ತಿದೆ.

ಗೂಡಿನ ವಿಷಯಕ್ಕೆ ಬರೋಣ, ಏಕೆಂದರೆ ಮುಂದೆ ಹೇಳಬೇಕಾದ ವಾದ ಇದರ ಮೇಲೆ ನಿಂತಿದೆ. ಫೆಬ್ರುವರಿಯಿಂದ ಆಗಸ್ಟ್‌ವರೆಗೆ ಇದರ ಸಂತಾನಕಾಲ, ಮುಖ್ಯವಾಗಿ ಮುಂಗಾರಿನ ತಿಂಗಳುಗಳು. ನೀರಿನ ಪಕ್ಕದ ಬಂಡೆಯ ಅಂಚಿನಲ್ಲಿ, ಜಲಪಾತದ ಮಗ್ಗುಲಿನ ಬಿರುಕಿನಲ್ಲಿ, ಬೇರು ಹೊರಬಿದ್ದ ದರೆಯಲ್ಲಿ ಪಾಚಿ, ಬೇರು, ಹುಲ್ಲುಗಳನ್ನು ಕೆಸರಿನಿಂದ ಮೆತ್ತಿ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಎರಡರಿಂದ ನಾಲ್ಕು ಮೊಟ್ಟೆ. ಮಾಸಲು ಗುಲಾಬಿಯ ಮೇಲೆ ಕಂದು ಚುಕ್ಕೆಗಳು. ತಂದೆತಾಯಿ ಇಬ್ಬರೂ ಕಾವು ಕೂರುತ್ತಾರೆ, 16 ಅಥವಾ 17 ದಿನಗಳಲ್ಲಿ ಮರಿ ಹೊರಬರುತ್ತದೆ. ನೆರೆ ಬರುವ ಕಾಲದಲ್ಲಿಯೇ ನೀರಿನ ಪಕ್ಕದಲ್ಲಿ ಮರಿ ಮಾಡುವುದೆಂದರೆ ಎಂಥ ಲೆಕ್ಕಾಚಾರ ಬೇಕು! ನೆರೆಗೆ ಸಿಗದಷ್ಟು ಎತ್ತರ, ಆದರೆ ಶತ್ರುಗಳಿಗೆ ನೀರೇ ಅಡ್ಡವಾಗುವಷ್ಟು ಹತ್ತಿರ. ಮರಿಗಳಿಗೆ ಉಣಿಸಲು ಹುಳುವೂ ಏಡಿಯೂ ಹೇರಳವಾಗಿ ಸಿಗುವ ಕಾಲವೂ ಅದೇ. ಸರಿಯಾದ ಅಂಚು ಸಿಕ್ಕಿದರೆ ಅದನ್ನೇ ಮುಂದಿನ ವರ್ಷಗಳಲ್ಲಿಯೂ ಬಳಸುವುದುಂಟು.

ಹೀಗೆ ಈ ಹಕ್ಕಿ ಎರಡು ಸಂಗತಿಗಳನ್ನು ನಂಬಿಕೊಂಡಿದೆ. ಒಂದು, ಕಲ್ಲು ಇದ್ದಲ್ಲಿಯೇ ಇರುತ್ತದೆ. ಇನ್ನೊಂದು, ನೀರು ಬರಬೇಕಾದ ಕಾಲಕ್ಕೆ ಬರಬೇಕಾದಷ್ಟು ಬರುತ್ತದೆ. ಕಳೆದ ಎರಡು ಮೂರು ದಶಕಗಳಲ್ಲಿ ನಾವು ಸಡಿಲಿಸಿರುವುದು ಇವೆರಡನ್ನೇ.

ಸಣ್ಣ ಜಲವಿದ್ಯುತ್ ಯೋಜನೆಗಳಿಂದ ಆರಂಭಿಸಬಹುದು. ‘ಸಣ್ಣ’ ಎಂಬ ವಿಶೇಷಣಕ್ಕೆ ನಮ್ಮ ಕಾನೂನಿನಲ್ಲಿ ದೊಡ್ಡ ಶಕ್ತಿಯಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗೆ ಪರಿಣಾಮದ ಅಧ್ಯಯನವೂ ಬೇಡ, ಸಾರ್ವಜನಿಕ ಅಹವಾಲೂ ಬೇಡ. ಪರಿಣಾಮವೆಂದರೆ 24.75 ಮೆಗಾವಾಟ್ ಎಂದು ಕಾಗದದಲ್ಲಿ ನಮೂದಾದ ಯೋಜನೆಗಳು ನೇತ್ರಾವತಿಯ ಮೇಲೆಯೇ ಎದ್ದು ನಿಂತವು. ಕಾಲು ಮೆಗಾವಾಟ್ ಕಡಿಮೆಯಾದ ಮಾತ್ರಕ್ಕೆ ನದಿಗೆ ಆಗುವ ಪೆಟ್ಟು ಕಡಿಮೆಯಾಗುವುದೇ? ಇಂಥ ಯೋಜನೆಗಳು ‘ಹರಿವ ನದಿಯ’ ಮಾದರಿಯವು, ಮುಳುಗಡೆ ಇಲ್ಲ, ಆದ್ದರಿಂದ ನಿರಪಾಯಕಾರಿ ಎಂಬುದು ರೂಢಿಯ ಸಮರ್ಥನೆ. ಮುಳುಗಡೆ ಕಡಿಮೆಯೆಂಬುದು ನಿಜ. ಆದರೆ ಘಟ್ಟದ ಮೇಲೆ ಒಡ್ಡು ಹಾಕಿ ನೀರನ್ನು ಕಾಲುವೆ ಅಥವಾ ಸುರಂಗಕ್ಕೆ ತಿರುಗಿಸಿ, ಕೆಲವು ಕಿಲೋಮೀಟರ್ ಕೆಳಗೆ ಯಂತ್ರಗಾರದ ಬಳಿ ಹಳ್ಳಕ್ಕೆ ಹಿಂದಿರುಗಿಸಿದರೆ, ನಡುವಿನ ಆ ಹಾದಿ ಏನಾಗುತ್ತದೆ? ಬಂಡೆಗಳು ಇರುತ್ತವೆ, ನೀರು ಇರುವುದಿಲ್ಲ. ಸಿಳ್ಳಾರ ಇಷ್ಟಪಡುವ ಕಡಿದಾದ, ಮೆಟ್ಟಿಲು ಮೆಟ್ಟಿಲಾದ ಭಾಗವೇ ಎಂಜಿನಿಯರನಿಗೂ ಇಷ್ಟವಾದದ್ದು, ಏಕೆಂದರೆ ವಿದ್ಯುತ್ತು ಹುಟ್ಟುವುದು ಬೀಳುವಿಕೆಯಿಂದ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಇಂಥ ಯೋಜನೆಗಳನ್ನು ಅಭ್ಯಸಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ನೀರು ತಿರುವಿದ ಹಾದಿಯಲ್ಲಿ ಉಳಿದ ನೀರಿನ ಗುಣ ಕೆಟ್ಟು ಮೀನುಗಳ ಸಮುದಾಯವೇ ಬದಲಾದುದನ್ನು ತೋರಿಸಿದೆ. ಮೀನಿಗೆ ಆದದ್ದು ಏಡಿಗೂ ನೀರುಹುಳುಗಳಿಗೂ ಆಗದೆ ಇರುವುದಿಲ್ಲ. ಅವುಗಳನ್ನೇ ತಿಂದು ಬದುಕುವ ಹಕ್ಕಿಯ ಬುತ್ತಿ ಅಷ್ಟರ ಮಟ್ಟಿಗೆ ಬರಿದು.

ಎತ್ತಿನಹೊಳೆಯ ಕಥೆ ಇನ್ನೂ ದೊಡ್ಡದು. ಸಕಲೇಶಪುರದ ಘಟ್ಟಗಳಲ್ಲಿ ಹುಟ್ಟಿ ನೇತ್ರಾವತಿಯನ್ನು ಸೇರುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮೊದಲಾದ ತೊರೆಗಳಿಗೆ ಎಂಟು ಒಡ್ಡುಗಳನ್ನು ಕಟ್ಟಿ 24 ಟಿಎಂಸಿ ನೀರನ್ನು ಪೂರ್ವದ ಬಯಲುಸೀಮೆಗೆ ಎತ್ತಿ ಸಾಗಿಸುವ ಈ ಯೋಜನೆಗೆ 2012ರಲ್ಲಿ ಅನುಮೋದನೆ ದೊರೆತಾಗ ವೆಚ್ಚ ಸುಮಾರು 8,323 ಕೋಟಿ ರೂಪಾಯಿ. ಪರಿಷ್ಕೃತ ಅಂದಾಜು 23 ಸಾವಿರ ಕೋಟಿಯನ್ನು ದಾಟಿದೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಕುಡಿಯುವ ನೀರಿನ ಯೋಜನೆಯೆಂಬ ಕಾರಣದಿಂದ ಇದಕ್ಕೂ ಪರಿಸರ ಪರಿಣಾಮದ ಅಧ್ಯಯನ ಅಗತ್ಯವೆನಿಸಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸುಮಾರು 180 ಚದರ ಕಿಲೋಮೀಟರ್‌ನ ಆ ಜಲಾನಯನದಲ್ಲಿ ಲೆಕ್ಕ ಹಾಕಿದಾಗ ದೊರೆತ ಒಟ್ಟು ಇಳುವರಿ 9.55 ಟಿಎಂಸಿ ಮಾತ್ರ. ಇಲ್ಲದ ನೀರನ್ನು ಎತ್ತುವುದು ಹೇಗೆಂಬ ಪ್ರಶ್ನೆಗೆ ಅಂಕಿಗಳ ಜಗಳವೇ ಉತ್ತರವಾಗಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿಗಳಿಗೂ ಆಳದ ಕೊಳವೆಬಾವಿಯಿಂದ ಫ್ಲೋರೈಡ್ ಬೆರೆತ ನೀರನ್ನು ಕುಡಿಯುವ ಮಗುವಿನ ಎದುರು ಹಕ್ಕಿಯ ಗೂಡನ್ನು ತೂಗಿ ನೋಡುವ ಮನುಷ್ಯ ನಾನಲ್ಲ, ಈ ಪತ್ರಿಕೆಯ ಓದುಗರೂ ಅಲ್ಲ. ತೂಗಬೇಕಾದುದು ಬೇರೆ. ಹೂಳು ತುಂಬಿ, ಒತ್ತುವರಿಯಾಗಿ, ರಾಜಕಾಲುವೆ ಕಡಿದುಹೋಗಿ ಸತ್ತಿರುವ ಬಯಲುಸೀಮೆಯ ಕೆರೆಗಳಿಗೆ ಎಷ್ಟು ಖರ್ಚು ಮಾಡಿದೆವು, ಘಟ್ಟಕ್ಕೆ ಕೊಳವೆ ಹಾಸಲು ಎಷ್ಟು ಖರ್ಚು ಮಾಡಿದೆವು ಎಂಬ ತಕ್ಕಡಿ ಅದು. ಅದನ್ನು ಹಿಡಿದು ನೋಡಲು ಯಾರೂ ಸಿದ್ಧರಿಲ್ಲ; ‘ಸಮುದ್ರಕ್ಕೆ ವ್ಯರ್ಥವಾಗಿ ಹರಿದುಹೋಗುವ ನೀರು’ ಎಂಬ ಒಂದು ಪದಗುಚ್ಛದಿಂದ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸಲಾಗಿದೆ.

ಮಳೆಗಾಲದ ನೀರನ್ನಷ್ಟೇ ತೆಗೆಯುತ್ತೇವೆ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ ಎಂಬ ವಾದವೂ ಇದೆ. ಕೇಳಲು ಸಮಂಜಸವಾಗಿದೆ. ಆದರೆ ಹಳ್ಳಕ್ಕೆ ನೆರೆಯೂ ಬೇಕು. ವರ್ಷವಿಡೀ ಬಂಡೆಗಳ ನಡುವೆ ಕೂತ ಹೂಳನ್ನೂ ಕೊಳೆತ ಎಲೆಯನ್ನೂ ಎತ್ತಿ ಒಯ್ದು, ಕಲ್ಲಿನ ಅಡಿಯ ಸಂದಿಗಳನ್ನು ಮತ್ತೆ ತೆರೆದಿಡುವುದು ಆಷಾಢದ ನೆರೆ. ಆ ಸಂದಿಗಳಲ್ಲಿ ಏಡಿ, ಕಪ್ಪೆಮರಿ, ನೀರುಹುಳುಗಳ ಕೋಶಗಳು ಬದುಕುತ್ತವೆ. ಮೊದಲ ಮಳೆಗೆ ಹತ್ತುಮೀನು ಮೇಲೇರುವುದೂ ಆ ಹರಿವಿನ ಸುಳಿವಿನಿಂದ. ನೆರೆಯ ನೆತ್ತಿಯನ್ನು ಕತ್ತರಿಸಿದರೆ ಹೂಳು ಅಲ್ಲಿಯೇ ಕೂರುತ್ತದೆ, ಸಂದಿಗಳು ಮುಚ್ಚುತ್ತವೆ, ಹೊರಗೆ ನೋಡಿದರೆ ಹಳ್ಳ ಹಾಗೆಯೇ ಇದ್ದಂತೆ ಕಾಣುತ್ತದೆ. ಕುದುರೆಮುಖದ ಗಣಿಯ ಹೂಳು ಭದ್ರೆಯ ಒಡಲಿಗೆ ಮಾಡಿದ್ದೇನೆಂಬುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತು, 2005ರ ಕೊನೆಗೆ ಆ ಗಣಿ ನಿಂತಿತು.

ದೊಡ್ಡ ಯೋಜನೆಗಳನ್ನು ಬೈಯುವುದು ಸುಲಭ, ಸಭೆಯಲ್ಲಿ ಚಪ್ಪಾಳೆಯೂ ಸಿಗುತ್ತದೆ. ನಮ್ಮ ಮನೆಯ ಹಿಂದಿನ ಹಳ್ಳದಲ್ಲಿ ಏನು ನಡೆಯುತ್ತಿದೆ ಎಂಬುದರ ಬಗ್ಗೆ ಮಾತ್ರ ನಮ್ಮ ಚಳವಳಿಗಳು ತೀರ ಮೌನ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಒಮ್ಮೆ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯುವುದು ಮಲೆನಾಡಿನ ಪದ್ಧತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ. ಕೊಳೆ ಬಂದರೆ ಒಂದು ವರ್ಷದ ಅನ್ನವೇ ಹೋಗುವುದರಿಂದ ಇದನ್ನು ಬಿಡಿ ಎನ್ನುವ ಧೈರ್ಯ ಯಾರಿಗೂ ಇಲ್ಲ, ನನಗೂ ಇಲ್ಲ. ಆದರೆ ತಾಮ್ರವು ನೀರಿನ ಬಸವನಹುಳುಗಳಿಗೆ ಎಂಥ ವಿಷವೆಂದರೆ, ಅವುಗಳನ್ನು ಕೊಲ್ಲಲೆಂದೇ ಮೈಲುತುತ್ತವನ್ನು ಕೆರೆಕೊಳಗಳಿಗೆ ಹಾಕುತ್ತಿದ್ದ ಕಾಲವಿತ್ತು. ಡ್ರಮ್ಮು ತೊಳೆದ ನೀರನ್ನು, ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದನ್ನಾದರೂ ನಿಲ್ಲಿಸಲು ಯಾವ ಸರ್ಕಾರಿ ಆದೇಶ ಬೇಕು? ಸಿಳ್ಳಾರ ಮರಿಗಳಿಗೆ ಉಣಿಸುವ ವಾರಗಳೂ ಔಷಧಿ ಹೊಡೆಯುವ ವಾರಗಳೂ ಒಂದೇ ಎಂಬುದನ್ನು ನೆನಪಿಡಬೇಕು. ಮೀನಿಗಾಗಿ ಗುಂಡಿಗೆ ಬ್ಲೀಚಿಂಗ್ ಪೌಡರ್ ಸುರಿಯುವ, ತೋಟೆ ಸಿಡಿಸುವ ಅಭ್ಯಾಸವಂತೂ ಯಾವ ಸಮರ್ಥನೆಗೂ ಅರ್ಹವಲ್ಲ. ಒಂದು ಸಂಜೆಯ ಸಾರಿಗಾಗಿ ಗುಂಡಿಯಲ್ಲಿದ್ದ ಸಕಲ ಜೀವಗಳೂ ಸಾಯುತ್ತವೆ.

ಕಲ್ಲಿನ ವಿಷಯವೂ ಇಷ್ಟೇ ಗಂಭೀರ. ದಂಡೆ ಕೊರೆತ ತಡೆಯುವ ಹೆಸರಿನಲ್ಲಿ ಹಳ್ಳದ ಎರಡೂ ಬದಿಗೆ ಕಾಂಕ್ರೀಟಿನ ತಡೆಗೋಡೆ ಎಬ್ಬಿಸುವ ಕಾಮಗಾರಿ ಗ್ರಾಮ ಗ್ರಾಮಗಳನ್ನು ತಲುಪಿದೆ. ಜೆಸಿಬಿ ಇಳಿದರೆ ಮೊದಲು ಹೋಗುವುದು ನಡುಹಳ್ಳದ ಬಂಡೆಗಳು; ‘ನೀರಿಗೆ ಅಡ್ಡ’ ಎಂಬ ಆರೋಪ ಅವುಗಳ ಮೇಲಿದೆ. ಬಂಡೆ ನೀರಿನ ವೇಗವನ್ನು ಮುರಿಯುತ್ತದೆ, ಬಂಡೆ ತೆಗೆದರೆ ಅದೇ ನೀರು ದುಪ್ಪಟ್ಟು ಬೀಸಿನಿಂದ ಕೆಳಗಿನವನ ಗದ್ದೆಯನ್ನು ಕೊರೆಯುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅವರು ಕಟ್ಟುತ್ತಿದ್ದ ಮಣ್ಣು ಸೊಪ್ಪಿನ ಕಟ್ಟಗಳು ಬೇಸಿಗೆಗೆ ಹುಟ್ಟಿ ಮುಂಗಾರಿಗೆ ಕೊಚ್ಚಿಹೋಗುತ್ತಿದ್ದವು. ಈಗಿನ ಗೋಡೆಗಳು ಹೋಗುವುದಿಲ್ಲ, ಗೋಡೆಯಲ್ಲಿ ಬಿರುಕಿಲ್ಲ, ಬಿರುಕಿಲ್ಲದಲ್ಲಿ ಗೂಡಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2019ರಲ್ಲಿ ಚಾರ್ಮಾಡಿಯಲ್ಲಿಯೂ ಗುಡ್ಡಗಳು ಕುಸಿದು ಹಳ್ಳಗಳೇ ಮಣ್ಣಿನಡಿ ಹೂತುಹೋದ ಮೇಲೆ ಇಂಥ ಕಾಮಗಾರಿಗಳಿಗೆ ಇನ್ನಷ್ಟು ನೆಪ ದೊರೆಯಿತು. ಬೆಟ್ಟದ ನೆತ್ತಿಯನ್ನು ರಸ್ತೆಗೂ ರೆಸಾರ್ಟಿಗೂ ಕಡಿದು, ಕೆಳಗಿನ ಹಳ್ಳಕ್ಕೆ ಶಿಕ್ಷೆ ವಿಧಿಸುವ ನ್ಯಾಯ ಇದು.

ಈಗ ನನ್ನ ತಕರಾರಿನ ಮುಖ್ಯ ಭಾಗ. ಈ ಮಾತುಗಳನ್ನು ಅಧಿಕಾರಿಗಳ ಮುಂದಾಗಲಿ ಎಂಜಿನಿಯರರ ಮುಂದಾಗಲಿ ಇಟ್ಟರೆ ಬರುವ ಉತ್ತರ ಒಂದೇ: ಸರಳೆ ಸಿಳ್ಳಾರ ಅಪಾಯದಲ್ಲಿರುವ ಪ್ರಭೇದವಲ್ಲ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅತಿ ಕಡಿಮೆ ಕಾಳಜಿಯ ವರ್ಗದಲ್ಲಿದೆ. ಮೇಲಾಗಿ ಅದು ಮೋರಿಯ ಕೆಳಗೂ ಗೂಡು ಕಟ್ಟುತ್ತದೆ, ಹಳೆಯ ಕಟ್ಟಡದ ಮೂಲೆಯಲ್ಲಿಯೂ ಕಟ್ಟುತ್ತದೆ, ಮನುಷ್ಯನಿಗೆ ಹೊಂದಿಕೊಂಡಿದೆ, ಚಿಂತೆಗೆ ಕಾರಣವಿಲ್ಲ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಮೋರಿಯ ಕೆಳಗೆ ಗೂಡು ಕಟ್ಟಿದ ಹಕ್ಕಿ ಆಹಾರವನ್ನು ಮೋರಿಯಿಂದ ತರುವುದಿಲ್ಲ, ಹಳ್ಳದಿಂದಲೇ ತರುತ್ತದೆ. ಸೂರು ಬದಲಿಸಿಕೊಂಡವನು ಅನ್ನವನ್ನೂ ಬದಲಿಸಿಕೊಂಡನೆಂದು ಭಾವಿಸುವುದು ತರ್ಕವಲ್ಲ.

ಅದಕ್ಕಿಂತಲೂ ಹೆಚ್ಚಾಗಿ, ಅಪಾಯದ ಪಟ್ಟಿಯಲ್ಲಿದ್ದರೆ ಮಾತ್ರ ಮಾತಿಗೆ ಬೆಲೆ ಎಂಬ ಈ ನಿಯಮವನ್ನು ನಮ್ಮ ಚಳವಳಿಗಳೂ ಅರಿವಿಲ್ಲದೆ ಒಪ್ಪಿಕೊಂಡಿವೆ. ಪ್ರತಿ ಹೋರಾಟಕ್ಕೂ ನಾವು ಒಂದು ಸಿಂಗಳೀಕವನ್ನೋ ಹುಲಿಯನ್ನೋ ಹುಡುಕುತ್ತೇವೆ. ಅವು ಸಿಕ್ಕ ಕಣಿವೆ ಉಳಿದರೆ ಉಳಿಯಿತು. ಸಿಗದ ಕಣಿವೆಯ ಹಳ್ಳಕ್ಕೆ ವಕೀಲರೇ ಇಲ್ಲ. ಸಾಮಾನ್ಯ ಜೀವಿಯ ಉಪಯೋಗ ಬೇರೆಯದು. ಅದು ಎಲ್ಲ ಹಳ್ಳಗಳಲ್ಲಿಯೂ ಇರಬೇಕಾದದ್ದು. ಆದ್ದರಿಂದ ಒಂದು ಹಳ್ಳದಲ್ಲಿ ಇಲ್ಲವಾದರೆ ಆ ಇಲ್ಲದಿರುವಿಕೆಯೇ ಸಾಕ್ಷ್ಯ. ಹುಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಜೂನ್ ತಿಂಗಳ ಬೆಳಗಿನಲ್ಲಿ ಮಲೆನಾಡಿನ ಹಳ್ಳವೊಂದರಲ್ಲಿ ಸಿಳ್ಳಾರನ ದನಿ ಕೇಳದಿದ್ದರೆ ಅಲ್ಲಿ ಏನೋ ಕೆಟ್ಟಿದೆಯೆಂದು ಹೇಳಲು ಪರಿಣತರು ಬೇಕಾಗಿಲ್ಲ. ಇದೇ ಕುಲದ ಇನ್ನೊಂದು ಹಕ್ಕಿ ಶ್ರೀಲಂಕೆಯ ಮಧ್ಯಭಾಗದ ಎತ್ತರದ ಬೆಟ್ಟಗಳಲ್ಲಿದೆ. ಅದೂ ನೆರಳಿನ, ರಭಸದ ತೊರೆಗಳ ಹಕ್ಕಿಯೇ. ಕಾಡು ಕಡಿದು ತೋಟ ಎಬ್ಬಿಸಿದ ಮೇಲೆ ಅಂಥ ತೊರೆಗಳು ಕೆಲವೇ ಉಳಿದು, ಇಂದು ಅದು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ನಮ್ಮ ಹಕ್ಕಿ ಆ ಪಟ್ಟಿಗೆ ಸೇರುವವರೆಗೆ ಕಾಯೋಣವೇ?

ಸರ್ಕಾರಗಳಿಂದ ತಕ್ಷಣಕ್ಕೆ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿ, ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೂಡದೆಂದಿತು, ಗ್ರಾಮಸಭೆಗಳ ಅಭಿಪ್ರಾಯಕ್ಕೆ ಮನ್ನಣೆ ಬೇಕೆಂದಿತು. 2013ರಲ್ಲಿ ಕಸ್ತೂರಿರಂಗನ್ ಕಾರ್ಯತಂಡ ಅದನ್ನು ತೆಳುವಾಗಿಸಿತು. ಅದರ ಆಧಾರದ ಕರಡು ಅಧಿಸೂಚನೆ 2014ರಿಂದ 2024ರವರೆಗೆ ಆರು ಬಾರಿ ಹೊರಬಿದ್ದಿತು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಆ ತೆಳುವಾದುದನ್ನೂ ತಿರಸ್ಕರಿಸಿತು. ಜನರಿಗೆ ಭಯವಿತ್ತು ಎಂಬುದು ನಿಜ. ವರದಿಯನ್ನು ಕನ್ನಡದಲ್ಲಿ ಜನರ ಕೈಗಿಟ್ಟು ಆ ಭಯವನ್ನು ನಿವಾರಿಸುವ ಪ್ರಯತ್ನವನ್ನು ಯಾವ ಸರ್ಕಾರವೂ ಮನಸ್ಸಿಟ್ಟು ಮಾಡಲಿಲ್ಲ ಎಂಬುದೂ ನಿಜ.

ಆದರೆ 2002ರ ಜೀವವೈವಿಧ್ಯ ಕಾಯ್ದೆ ನಮ್ಮ ಕೈಯಲ್ಲಿದೆ. ಅದರ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಬಳಿ ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬಹಳ ಕಡೆ ಆ ದಾಖಲಾತಿಯನ್ನು ಗಡುವು ಮುಗಿಯುವ ಮುನ್ನ ಯಾರೋ ಹೊರಗಿನವರು ಕೂತು ತುಂಬಿಸಿದ್ದಾರೆ. ಪಕ್ಕದ ಪಂಚಾಯಿತಿಯದನ್ನೇ ನಕಲು ಮಾಡಿದ ಉದಾಹರಣೆಗಳು ಓದುಗರಿಗೂ ಗೊತ್ತಿರಬಹುದು. ಅದನ್ನು ತೆರೆಸಿ ನೋಡಬೇಕು. ಅದರಲ್ಲಿ ನಿಮ್ಮೂರಿನ ಹಳ್ಳಗಳ ಹೆಸರಿದೆಯೇ? ಇಲ್ಲದಿದ್ದರೆ ಬರೆಸಬೇಕು: ಹಳ್ಳದ ಹೆಸರು, ಹುಟ್ಟುವ ಜಾಗ, ಏಪ್ರಿಲ್ ಕೊನೆಯಲ್ಲಿ ನೀರಿನ ಆಳ ಎಷ್ಟು, ಯಾವ ಗುಂಡಿ ಬತ್ತುವುದಿಲ್ಲ, ಯಾವ ಬಂಡೆಯ ಅಂಚಿನಲ್ಲಿ ಸಿಳ್ಳಾರ ಗೂಡು ಕಟ್ಟಿತ್ತು, ಯಾವ ವಾರ ಮೊದಲ ಹಾಡು ಕೇಳಿತು, ಮರಿ ಹಾರಿತೇ ಇಲ್ಲವೇ. ಗೂಡಿನ ಬಳಿಗೆ ಹೋಗಬಾರದು, ಫೋಟೋದ ಹುಚ್ಚಿಗೆ ಕೊಂಬೆ ಸರಿಸಬಾರದು. ಎದುರು ದಂಡೆಯಿಂದ ನೋಡಿದರೆ ಸಾಕು. ಶಾಲೆಯ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ, ಬೆಳಿಗ್ಗೆ ಹಳ್ಳ ದಾಟಿ ಬರುವವರು ಅವರೇ. ಮೂರು ನಾಲ್ಕು ವರ್ಷ ಹೀಗೆ ಬರೆದಿಟ್ಟ ಪುಟಗಳು ಗ್ರಾಮಸಭೆಯ ಠರಾವಿನೊಂದಿಗೆ ಲಗತ್ತಾದರೆ, ಅಧ್ಯಯನವೇ ಬೇಡವೆಂದು ಕಾನೂನು ವಿನಾಯಿತಿ ಕೊಟ್ಟ ಯೋಜನೆಯ ಮುಂದೆಯೂ ಒಂದು ಅಧ್ಯಯನವಿರುತ್ತದೆ. ಈ ವರ್ಷದ ಬೇಸಿಗೆಯ ಅಳತೆಗೆ ಏಪ್ರಿಲ್ ಕೊನೆಯ ವಾರವೂ ಹಾಡಿನ ದಾಖಲೆಗೆ ಮೇ ಎರಡನೆಯ ವಾರದಿಂದ ಜುಲೈವರೆಗಿನ ಬೆಳಗುಗಳೂ ತಕ್ಕ ಸಮಯ. ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲೇ ಹಳ್ಳದ ಬದಿಗೆ ತಲುಪಿರಬೇಕು, ಟಾರ್ಚು ಆರಿಸಿ ಕೂರಬೇಕು.